ತೂತು ಕೊರೆಯದೆ ಕೂರಿಸಿದ ವೋಲ್ಟ್‌ಮೀಟರ್

ಅಪ್ಪ ಬಿಟ್ಟುಹೋದ 1978ರ ಪ್ರೀಮಿಯರ್ ಪದ್ಮಿನಿಯಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಿದೆಯೇ ಎಂದು ತಿಳಿಯಲು ಇರುವುದು ಒಂದೇ ಕೆಂಪು ದೀಪ. ಕಳೆದ ಮಳೆಗಾಲದಲ್ಲಿ ಸಂಪಾಜೆ ಘಾಟಿ ಹತ್ತುವಾಗ ಮಂಜಿಗೆ ಹೆಡ್‌ಲೈಟ್, ಮಳೆಗೆ ವೈಪರ್ ಹಾಕಿಕೊಂಡು ಲಾರಿಗಳ ಹಿಂದೆ ತೆವಳುತ್ತ ಮಡಿಕೇರಿ ಸೇರಿದೆ. ಮರುದಿನ ಬೆಳಿಗ್ಗೆ ಸೆಲ್ಫ್ ಎಳೆಯಲಿಲ್ಲ. ಎಂಜಿನ್ ನಿಧಾನವಾಗಿ ತಿರುಗುವಾಗ, ಅದರಿಂದಲೇ ತಿರುಗಿ ಕರೆಂಟ್ ಹುಟ್ಟಿಸುವ ಹಳೆಯ ಡೈನಮೋ ಇಷ್ಟೆಲ್ಲ ಹೊರೆಗೆ ಸಾಲುವಷ್ಟು ಕರೆಂಟ್ ಕೊಡುವುದಿಲ್ಲ. ಹಾಗಾಗಿ ಬ್ಯಾಟರಿಯ ವೋಲ್ಟೇಜನ್ನು ಮುಳ್ಳಿನಿಂದ ತೋರಿಸುವ, 52 ಮಿ.ಮೀ. ವ್ಯಾಸದ ಒಂದು ವೋಲ್ಟ್‌ಮೀಟರ್ ತರಿಸಿದೆ.

"ಎರಡು ತೂತು ಹೊಡೆದರೆ ಹತ್ತು ನಿಮಿಷದ ಕೆಲಸ ಅಣ್ಣಾ," ಎಂದರು ಗ್ಯಾರೇಜಿನ ಮೇಸ್ತ್ರಿ. ನಾನು ಒಪ್ಪಲಿಲ್ಲ. ಈ ಕಾರಿನ ಡ್ಯಾಶ್‌ಬೋರ್ಡ್ ಪೇಂಟ್ ಹೊಡೆದ ಉಕ್ಕಿನ ತಗಡು. ತೂತಿನ ಅಂಚಿನಲ್ಲಿ ಬರಿಯ ಲೋಹ ಹೊರಬಿದ್ದರೆ ನಮ್ಮ ಊರಿನ ತೇವಕ್ಕೆ ಅಲ್ಲಿಂದಲೇ ತುಕ್ಕು ಹಿಡಿದು ಪೇಂಟಿನ ಅಡಿಗೆ ಹರಡುತ್ತದೆ. ಎರಡೂ ಕಡೆ ಅಂಟಿರುವ ಟೇಪಿನ ಮೇಲೂ ನನಗೆ ನಂಬಿಕೆಯಿಲ್ಲ. ಹಿಂದೊಮ್ಮೆ ಹಾಗೆ ಅಂಟಿಸಿದ್ದ ಪುಟ್ಟ ಗಣಪತಿಯನ್ನು ಕಿತ್ತಾಗ ರೂಪಾಯಿಯಗಲ ಪೇಂಟೂ ಅವನೊಂದಿಗೇ ಎದ್ದು ಬಂದಿತ್ತು.

ಭಾನುವಾರ ಕಾರನ್ನು ಕಾಫಿ ಕಣದಲ್ಲಿ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ, ಟಾರ್ಚ್ ಹಿಡಿದು ಸ್ಟಿಯರಿಂಗ್ ಕೆಳಗೆ ಅಂಗಾತ ಮಲಗಿದೆ. ಡ್ಯಾಶ್‌ಬೋರ್ಡಿನ ಕೆಳ ಅಂಚಿನಲ್ಲಿ ಮೊದಲಿನಿಂದಲೂ ಇದ್ದ ಒಂದು ಸ್ಕ್ರೂ ಕಣ್ಣಿಗೆ ಬಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ರಟ್ಟಿನಲ್ಲಿ ಅಳತೆ ಕತ್ತರಿಸಿದೆ. ಮೊದಲನೆಯದು ಮೊಣಕಾಲಿಗೆ ತಾಗಿತು, ಎರಡನೆಯದು ಚೋಕ್ ಎಳೆಯುವ ಕೈಗೆ ಅಡ್ಡ ಬಂತು, ಮೂರನೆಯದು ಸರಿಹೋಯಿತು. ಅದೇ ಅಳತೆಗೆ ಅಲ್ಯೂಮಿನಿಯಂ ಪಟ್ಟಿಯನ್ನು ಬಗ್ಗಿಸಿ, ಅಂಚುಗಳನ್ನು ಅರದಿಂದ ಉಜ್ಜಿ, ಪೇಂಟಿಗೆ ತಾಗುವ ಕಡೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಇಟ್ಟೆ. ಸ್ಕ್ರೂಡ್ರೈವರ್ ಜಾರಿದರೂ ಗೀರು ಬೀಳದಂತೆ ಸುತ್ತಲೂ ಮಾಸ್ಕಿಂಗ್ ಟೇಪ್ ಹಚ್ಚಿದ್ದೆ, ಎರಡು ಸಲ ಜಾರಿಯೂ ಜಾರಿತು. ರಬ್ಬರಿನ ದಪ್ಪದಿಂದಾಗಿ ಹಳೆಯ ಸ್ಕ್ರೂ ಗಿಡ್ಡವಾಯಿತು. ಅದೇ ಅಳತೆಯ ಸುರುಳಿ ಗೆರೆಗಳಿರುವ, ತುಸು ಉದ್ದನೆಯದಕ್ಕಾಗಿ ಗೋಣಿಕೊಪ್ಪಕ್ಕೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ತುದಿಯಿಂದ 2 ಆಂಪಿಯರ್ ಫ್ಯೂಸ್ ಮೂಲಕ ಪಾಸಿಟಿವ್ ಎಳೆದೆ. ಕರೆಂಟ್ ಕಾರಿನ ಲೋಹದ ಮೈಗೆ ಮರಳುವ ಅರ್ತ್ ವೈರನ್ನು ಪಟ್ಟಿಯ ಸ್ಕ್ರೂಗೇ ಕಟ್ಟಿದ್ದರಿಂದ ಮುಳ್ಳು ಒಮ್ಮೆ ಏರಿ, ಒಮ್ಮೆ ಬಿದ್ದು ನಡುಗುತ್ತಿತ್ತು. ಗೇಜೇ ಕೆಟ್ಟಿದೆಯೆಂದು ಅರ್ಧ ಗಂಟೆ ಶಪಿಸಿದ ಮೇಲೆ ಕಾರಣ ಹೊಳೆಯಿತು: ನಾನು ಇಷ್ಟು ಜೋಪಾನ ಮಾಡಿದ ಪೇಂಟು ಮತ್ತು ರಬ್ಬರೇ ಕರೆಂಟನ್ನು ತಡೆಯುತ್ತಿದ್ದವು. ಡ್ಯಾಶ್‌ಬೋರ್ಡಿನ ಹಿಂದೆ ಹಳೆಯ ಅರ್ತ್ ವೈರ್‌ಗಳನ್ನು ಕಟ್ಟಿದ್ದ ಬೋಲ್ಟಿಗೆ ಬೇರೆಯೇ ವೈರ್ ಎಳೆದಾಗ ಮುಳ್ಳು 12.5 ವೋಲ್ಟಿನ ಹತ್ತಿರ ಅಲುಗದೆ ನಿಂತಿತು.

ಅಂದು ಸಂಜೆ ಮಳೆಯಲ್ಲೇ ಮಡಿಕೇರಿಗೆ ಹೊರಟೆ. ಓಡುವಾಗ ಮುಳ್ಳು 14ರ ಆಸುಪಾಸಿನಲ್ಲಿತ್ತು, ಅಂದರೆ ಬ್ಯಾಟರಿ ಚಾರ್ಜ್ ಆಗುತ್ತಿತ್ತು. ಜನರಲ್ ತಿಮ್ಮಯ್ಯ ವೃತ್ತದ ಬಳಿ ವಾಹನಗಳ ಸಾಲಿನಲ್ಲಿ ನಿಂತಾಗ ಅದು ಮೆಲ್ಲಗೆ 12ಕ್ಕಿಂತ ಕೆಳಗಿಳಿಯಿತು. ಕೆಂಪು ದೀಪ ಇನ್ನೂ ಮಿಣುಕತೊಡಗಿತ್ತಷ್ಟೆ. ನಾನು ಆಗಲೇ ಗೇರ್ ನ್ಯೂಟ್ರಲಿಗೆ ತಂದು ಆಕ್ಸಿಲರೇಟರನ್ನು ತುಸು ಒತ್ತಿದ್ದೆ.