ಯೂರಿಯಾ ಲೆಕ್ಕಗಳು, ತಕ್ಕಡಿಯ ಮೇಲೆ: ಡೊಂಬಿವಲಿ, ಜುಲೈ

ಹನ್ನೊಂದು, ಹನ್ನೆರಡನೇ ತರಗತಿಯ ರಸಾಯನಶಾಸ್ತ್ರದ ಲೆಕ್ಕಗಳನ್ನು ಕನ್ನಡದಲ್ಲಿ ಬಿಡಿಸಿ, ಸಾಧ್ಯವಾದದ್ದನ್ನು ತೂಗಿ ಅಳೆದೂ ನೋಡುವ ನಮ್ಮ ಕೆಲಸ ಈ ತಿಂಗಳು ಯೂರಿಯಾಕ್ಕೆ ಬಂದು ನಿಂತಿದೆ.

ಕೋಚಿಂಗ್ ನೋಟ್ಸುಗಳಲ್ಲಿ ಸುತ್ತುತ್ತಲೇ ಇರುವ ಲೆಕ್ಕ: 1000 ಗ್ರಾಂ ನೀರಿಗೆ 120 ಗ್ರಾಂ ಯೂರಿಯಾ, ದ್ರಾವಣದ ಸಾಂದ್ರತೆ ಮಿಲೀಗೆ 1.15 ಗ್ರಾಂ. ಮೊಲಾರಿಟಿ, ಅಂದರೆ ಒಂದು ಲೀಟರ್ ದ್ರಾವಣದಲ್ಲಿರುವ ಮೋಲ್, ಎಷ್ಟು? 1120ನ್ನು 1.15ರಿಂದ ಭಾಗಿಸಿದರೆ 974 ಮಿಲೀ, ಅದರಲ್ಲಿ 2 ಮೋಲ್ (ಒಂದು ಮೋಲ್ ಯೂರಿಯಾ 60 ಗ್ರಾಂ), ಉತ್ತರ 2.05. ನೀರಿನ 1000ವನ್ನೇ ದ್ರಾವಣದ ಗಾತ್ರವೆಂದು ಹಿಡಿದವರಿಗೆ 2 ಬರುತ್ತದೆ, ಅದು ಮೊಲಾಲಿಟಿ, ಅಂದರೆ ಒಂದು ಕಿಲೋ ನೀರಿಗೆ ಇರುವ ಮೋಲ್. ದಾರಿಯೇನೋ ಸರಿ. ಆದರೆ 974 ಎಂಬ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ: ಒಂದು ಲೀಟರ್ ನೀರಿಗೆ 120 ಗ್ರಾಂ ಸುರಿದ ಮೇಲೆ ಗಾತ್ರ ಇಳಿಯಿತೇ?

500 ಗ್ರಾಂ ನೀರಿಗೆ 60 ಗ್ರಾಂ ಹಾಕಿ ನೋಡಿದರೆ ಅಳತೆ ಜಾಡಿಯಲ್ಲಿ 546 ಮಿಲೀ ಆಸುಪಾಸು. ಸಾಂದ್ರತೆ 1.026, ಮೊಲಾರಿಟಿ 1.83. ಪೆಟ್ರೋಲ್ ಪಂಪಿನಲ್ಲಿ ಡೀಸೆಲ್ ಗಾಡಿಗಳಿಗೆ ಸಿಗುವ, ಹೊಗೆ ಶುದ್ಧಮಾಡುವ ಡಿಇಎಫ್ (ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್) ದ್ರವದಲ್ಲಿ ಯೂರಿಯಾ 32.5 ಶೇಕಡಾ, ಅದರ ಸಾಂದ್ರತೆಯೇ ಸುಮಾರು 1.09. 1120ರಲ್ಲಿ 120, ಅಂದರೆ ಹತ್ತೂ ಮುಕ್ಕಾಲು ಶೇಕಡಾದಷ್ಟೇ ಇರುವ ಈ ದ್ರಾವಣಕ್ಕೆ 1.15 ಎಲ್ಲಿಂದ ಬರಬೇಕು? ನಮ್ಮ ಕೈಪಿಡಿಯಲ್ಲಿ ಈ ಲೆಕ್ಕವನ್ನು 1.026ಕ್ಕೆ ತಿದ್ದಿದ್ದೇವೆ.

2 ಮೊಲಾರ್ ಬೇಕಿದ್ದರೆ 60 ಗ್ರಾಂ ಯೂರಿಯಾವನ್ನು ಮೊದಲು 350 ಮಿಲೀ ನೀರಿನಲ್ಲಿ ಕರಗಿಸಿ, 500 ಮಿಲೀ ಫ್ಲಾಸ್ಕಿನ ಗೆರೆಯವರೆಗೆ ತುಂಬಿಸಬೇಕು. ಆದರೆ ತಕ್ಷಣ ತುಂಬಿಸಬೇಡಿ. ಯೂರಿಯಾ ಕರಗುವಾಗ ಶಾಖ ಹೀರುತ್ತದೆ, ಒಂದು ಮೋಲಿಗೆ ಹತ್ತಿರಹತ್ತಿರ 15 ಕಿಲೋಜೂಲ್. ಫ್ಲಾಸ್ಕಿನ ಹೊರಮೈ ಬೆವರುತ್ತದೆ. ತಣ್ಣಗಿರುವಾಗಲೇ ಗೆರೆ ಮುಟ್ಟಿಸಿದರೆ ಅರ್ಧ ತಾಸಿಗೆ ಮಟ್ಟ ಗೆರೆ ದಾಟಿರುತ್ತದೆ. ಫ್ಲಾಸ್ಕಿನ ಮೇಲೆ ಬರೆದಿರುವ ಉಷ್ಣಾಂಶಕ್ಕೆ (20 ಅಥವಾ 27 ಡಿಗ್ರಿ) ಬರುವವರೆಗೆ ಕಾಯಿರಿ. ಮುಗಿದ ಮೇಲೆ ದ್ರಾವಣದ ತೂಕ ಸುಮಾರು 514 ಗ್ರಾಂ ಇರಬೇಕು. ಅಂದರೆ ನೀರು 454 ಗ್ರಾಂ, ಮೊಲಾಲಿಟಿ 2.2.

ಮಳೆಗಾಲದ ಇನ್ನೊಂದು ಕಾಟ: 30 ಡಿಗ್ರಿಯಲ್ಲಿ ಗಾಳಿಯ ತೇವ ಸುಮಾರು 73 ಶೇಕಡಾ ದಾಟಿದರೆ ಯೂರಿಯಾ ನೀರು ಹೀರತೊಡಗುತ್ತದೆ, ಇಲ್ಲಿ ಜುಲೈ ಪೂರ್ತಿ ಅದಕ್ಕಿಂತ ಮೇಲೆ. ಹರಳು ಅಂಟಂಟಾದರೆ 60–70 ಡಿಗ್ರಿಯಲ್ಲಿ ಒಣಗಿಸಿ. ಉಪ್ಪಿನ ಹಾಗೆ 110ಕ್ಕೆ ಏರಿಸುವುದು ಬೇಡ, ಯೂರಿಯಾ 133ಕ್ಕೇ ಕರಗಿ ದ್ರವವಾಗುತ್ತದೆ, ಬಿಸಿ ಹೆಚ್ಚಾದಷ್ಟೂ ಬೈಯುರೆಟ್ ಎಂಬ ಬೇರೆ ಸಂಯುಕ್ತ ಆಗುತ್ತದೆ. ಗೊಬ್ಬರದ ಚೀಲದ್ದೂ ಬೇಡ. ಬೇವಿನೆಣ್ಣೆ ಲೇಪನದಿಂದ ದ್ರಾವಣ ಮಬ್ಬಾಗುತ್ತದೆ.

ಇಳುವರಿಯ ಲೆಕ್ಕ ಕಾಗದದ ಮೇಲಷ್ಟೇ. ಯೂರಿಯಾ ತಯಾರಿಸಲು ಟ್ರಾಂಬೆಯಲ್ಲಿರುವಂಥ ಗೊಬ್ಬರದ ಕಾರ್ಖಾನೆಯೇ ಬೇಕು. 340 ಕಿಲೋ ಅಮೋನಿಯಾ, 396 ಕಿಲೋ ಕಾರ್ಬನ್ ಡೈಆಕ್ಸೈಡ್. ಸಿಕ್ಕ ಯೂರಿಯಾ 432 ಕಿಲೋ. ತೂಕ ಕಮ್ಮಿಯಿದೆಯೆಂದು ಅಮೋನಿಯಾವನ್ನೇ ಮಿತಿ (ಮೊದಲು ಮುಗಿಯುವ ವಸ್ತು) ಎಂದುಕೊಂಡರೆ 600 ಕಿಲೋ ನಿರೀಕ್ಷೆ, ಇಳುವರಿ 72 ಶೇಕಡಾ ಎಂಬ ತಪ್ಪು ಉತ್ತರ. ಕಿಲೋಮೋಲ್ ಮಾಡಿ: 20 ಮತ್ತು 9. ಎರಡು ಅಮೋನಿಯಾಕ್ಕೆ ಒಂದು ಕಾರ್ಬನ್ ಡೈಆಕ್ಸೈಡ್ ಬೇಕು, ಹತ್ತರ ಜಾಗದಲ್ಲಿ ಒಂಬತ್ತೇ ಇದೆ. ಹಾಗಾಗಿ ನಿರೀಕ್ಷೆ 540 ಕಿಲೋ, ಇಳುವರಿ 80 ಶೇಕಡಾ.

ಮುಂದಿನ ಸಲ ಡಿಇಎಫ್‌ನ ಘನೀಕರಣ: ಮೊಲಾಲಿಟಿಯಿಂದ ಘನೀಕರಣ ಬಿಂದು ತೆಗೆಯುವ ಸೂತ್ರ ಹೇಳುವುದು ಮೈನಸ್ 14.9 ಡಿಗ್ರಿ, ದ್ರವ ಗಟ್ಟಿಯಾಗುವುದು ಮೈನಸ್ 11ಕ್ಕೆ.