ತೇರ್ಸ್ ಮುಗಿದ ಮೇಲೆ ಎರಡು ನಿಮಿಷ

ಮಾತೆ ಮರಿಯಳ ಜನ್ಮದಿನವಾದ ಮೊಂತಿ ಹಬ್ಬದ ದಿನ, ಸೆಪ್ಟೆಂಬರ್ 8ಕ್ಕೆ, ಇಗರ್ಜಿಯಿಂದ ತಂದ ಹೊಸ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತೇವೆ. ಆ ಕೃತಜ್ಞತೆ ಕೈಗೆ ಸಿಗುವಂಥದ್ದು, ನಾಲಿಗೆಗೆ ರುಚಿಸುವಂಥದ್ದು. ಉಳಿದ ದಿನಗಳಲ್ಲಿ ಅದು "ಎಲ್ಲದಕ್ಕೂ ಸ್ತೋತ್ರ" ಎಂಬ ಒಂದೇ ಮಾತಿಗೆ ಇಳಿದುಬಿಡುತ್ತದೆ.

ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಆದ ಮೇಲೆ ದೀಪ ಆರಿಸುವ ಮೊದಲು ಎರಡು ನಿಮಿಷ ಕೂರಿ. ಒಬ್ಬೊಬ್ಬರು ದೇವರಿಗೆ ಕೃತಜ್ಞತೆ ಹೇಳುವಂಥ ಒಂದೊಂದೇ ವಿಷಯ ಹೇಳಲಿ, ಅದೂ ಆ ದಿನದ್ದೇ. "ಆರೋಗ್ಯಕ್ಕಾಗಿ" ಎಂದರೆ ಸಾಲದು. "ಅಜ್ಜಿ ಇವತ್ತು ಪೂರ್ತಿ ಗಂಜಿ ಉಂಡರು" ಎನ್ನಿ. ನಿನ್ನೆಯದನ್ನು ಇಂದು ಹೇಳುವಂತಿಲ್ಲ ಎಂಬ ನಿಯಮ ಮಕ್ಕಳಿಗೆ ಬಲು ಇಷ್ಟ. ಬೇಡಿಕೆ ಮಾತ್ರ ಇಲ್ಲಿ ಬೇಡ, ಒಂದು ನುಸುಳಿದರೆ ಉಳಿದದ್ದೆಲ್ಲ ಅರ್ಜಿಯಾಗುತ್ತದೆ.

ಹೆಚ್ಚು ಜನ ಎಡವುವುದು ಹೋಲಿಕೆಯಲ್ಲಿ. "ಅವರಂತೆ ನಮಗಾಗಲಿಲ್ಲವಲ್ಲ, ದೇವರಿಗೆ ಸ್ತೋತ್ರ." ಬೈಬಲಿನ ಲೂಕ 18ರಲ್ಲಿ 'ನಾನು ಇತರರಂತಲ್ಲ' ಎಂದು ಬೀಗುವ ಫರಿಸಾಯನ ಪ್ರಾರ್ಥನೆಯೂ ಸ್ತೋತ್ರದಿಂದಲೇ ಶುರುವಾಗುತ್ತದೆ!

ಕೆಟ್ಟ ದಿನಗಳಲ್ಲಿ ನಗು ನಟಿಸಬೇಕಿಲ್ಲ. 1 ಥೆಸಲೋನಿಕ 5:18 ಹೇಳುವುದು ಎಲ್ಲ ಸ್ಥಿತಿಯಲ್ಲೂ ಸ್ತುತಿಸಿ ಎಂದು. ಸಾವಿಗಾಗಿ, ಸಾಲಕ್ಕಾಗಿ ಸ್ತುತಿಸಿ ಎಂದಲ್ಲ. ಅಂದು 13ನೆಯ ಕೀರ್ತನೆ ಓದಿ. ಅದು "ಎಷ್ಟರವರೆಗೆ?" ಎಂಬ ದೂರಿನಿಂದ ಹೊರಟು ಆರೇ ವಚನಗಳಲ್ಲಿ ಹಾಡಿಗೆ ಮುಟ್ಟುತ್ತದೆ. ನಿಮಗೆ ಅಷ್ಟು ಬೇಗ ಮುಟ್ಟಲಾಗದಿದ್ದರೆ ಮೊದಲ ಎರಡು ವಚನಗಳಲ್ಲೇ ನಿಲ್ಲಿ, ತಪ್ಪಿಲ್ಲ.

ಇನ್ನು, ಈ ಎರಡು ನಿಮಿಷಗಳಲ್ಲಿ ಯಾರ ಹೆಸರು ಬಂತೋ ಅವರಿಗೆ ಮರುದಿನ ಒಂದು ಫೋನು ಮಾಡಿ.