ಔಡಲ ಎಣ್ಣೆ ಹಚ್ಚಿಕೊಂಡ ಆಯ್ತಾರ

ನಮ್ಮ ಅವ್ವನ ಮನೆಯಲ್ಲಿ ಕನ್ನಡಿ ಪಕ್ಕದ ಮೊಳೆಗೆ ಒಂದು ಕ್ಯಾರಿಬ್ಯಾಗ್ ಯಾವಾಗಲೂ ನೇತಾಡುತ್ತಿರುತ್ತದೆ. ತಲೆ ಬಾಚಿದಾಗ ಹಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಅದರಲ್ಲಿ ತುರುಕಬೇಕು. ಕೂದಲಿಗೆ ಭಾಂಡೆ ಕೊಡುವವನು ಓಣಿಗೆ ಬಂದ ದಿನ ಆ ಚೀಲ ಹೊರಗೆ ಬರುತ್ತದೆ. ಮನೆಯ ಹೆಣ್ಣುಮಕ್ಕಳೆಲ್ಲರ ಕೂದಲು ಸೇರಿದರೂ ಅದು ತುಂಬಲು ಮೊದಲೆಲ್ಲ ವರ್ಷ ಹಿಡಿಯುತ್ತಿತ್ತು. ನಾನು ಬಾಣಂತನಕ್ಕೆ ಕಲಬುರಗಿಗೆ ಬಂದಾಗ ಎರಡೇ ತಿಂಗಳಲ್ಲಿ ಅರ್ಧ ಚೀಲ ನಾನೊಬ್ಬಳೇ ತುಂಬಿಸಿಬಿಟ್ಟೆ.

ಹೆರಿಗೆಯಾಗಿ ಮೂರು ತಿಂಗಳಿಗೆ ಕೂದಲು ಉದುರುವುದು ಶುರುವಾಯಿತು. ದಿಂಬಿನ ಮೇಲೆ, ಮಗುವಿನ ಮುಷ್ಟಿಯೊಳಗೆ, ಒಂದು ದಿನ ರೊಟ್ಟಿಯಲ್ಲೂ. ರೊಟ್ಟಿಯಲ್ಲಿ ಸಿಕ್ಕಿದ್ದು ನನ್ನ ಕೂದಲಲ್ಲ ಎಂದು ವಾದ ಮಾಡಿದೆ. ಆದರೆ ಅಷ್ಟು ಉದ್ದದ್ದು ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

"ಬಸುರಿ ಇದ್ದಾಗ ನಿನ್ನ ಹೆರಳು ಮುಷ್ಟ್ಯಾಗ ಹಿಡಿಸ್ತಿದ್ದಿಲ್ಲ. ಈಗ ನೋಡು, ಇಲಿ ಬಾಲ ಆಗ್ಯಾದ," ಅಂದಳು ಅವ್ವ. ಬಾಣಂತಿಗೆ ಹೀಗೆ ಹೇಳಬಾರದು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ರಾತ್ರಿ ಎರಡಕ್ಕೆ ಮಗುವಿಗೆ ಹಾಲು ಕುಡಿಸುತ್ತಾ ಫೋನ್ ನೋಡುವವರಿಗೆ ಗೊತ್ತು, ಆ ಹೊತ್ತಿನಲ್ಲಿ ಏನು ಹೇಳಿದರೂ ನಿಜ ಅನಿಸುತ್ತದೆ. ಅಕ್ಕಿ ತೊಳೆದ ನೀರು, ದಾಸವಾಳದ ಎಲೆ, ಉಳ್ಳಾಗಡ್ಡಿ ರಸ, ಎಲ್ಲದಕ್ಕೂ ಒಂದೊಂದು ವಿಡಿಯೋ. ಮೊದಲು ಉಳ್ಳಾಗಡ್ಡಿ ಹಿಡಿದೆ. ಹೊರಗೆ 42 ಡಿಗ್ರಿ ಬಿಸಿಲು. ಬೆವರಿನ ಜೊತೆ ರಸ ಕಿವಿಯ ಹಿಂದೆ ಇಳಿದು, ನಾನೇ ಒಂದು ಭಜಿ ಬಂಡಿಯಂತೆ ನಾರುತ್ತಿದ್ದೆ. ಎತ್ತಿಕೊಂಡರೆ ಮಗು ಮುಖ ಆಚೆ ತಿರುಗಿಸಿತು. ಎರಡೇ ಸಲಕ್ಕೆ ಬಿಟ್ಟೆ. ಆ ರಸದ ಹೆಸರು ಇಷ್ಟು ಹಬ್ಬಲು 2002ರಲ್ಲಿ ನಡೆದ ಒಂದು ಚಿಕ್ಕ ಅಧ್ಯಯನವೂ ಕಾರಣ ಎಂದು ಆಮೇಲೆ ಓದಿದೆ. ಅದು ತಲೆಯಲ್ಲಿ ನಾಣ್ಯದಗಲ ಬೋಳಾಗುವ ಕಾಯಿಲೆ ಇದ್ದವರ ಮೇಲೆ ಮಾಡಿದ್ದು. ಬಾಣಂತಿ ಕೂದಲಿಗೂ ಅದಕ್ಕೂ ಸಂಬಂಧವೇ ಇಲ್ಲ.

ಆಮೇಲೆ ಔಡಲ ಎಣ್ಣೆಯ, ಅಂದರೆ ಹರಳೆಣ್ಣೆಯ ಸರದಿ. ಇದಕ್ಕೆ ನಮ್ಮ ಅಜ್ಜಿ, ಆಯಿಯ ಒಪ್ಪಿಗೆಯೂ ಸಿಕ್ಕಿತು, ಆದರೆ ಷರತ್ತಿನ ಮೇಲೆ. "ಮೂರು ಪಾಲು ಕೊಬ್ರಿ ಎಣ್ಣಿ, ಒಂದು ಪಾಲು ಔಡಲ ಎಣ್ಣಿ. ಬರೇ ಔಡಲ ಹಚ್ಚಬ್ಯಾಡವ್ವ, ಅದು ಬಿಡಂಗಿಲ್ಲ." ನಾನು ಹೂಂ ಅಂದೆ. ಒಂದು ಪಾಲಿನಿಂದ ಒಳ್ಳೆಯದಾಗುವುದಾದರೆ ನಾಲ್ಕು ಪಾಲಿನಿಂದ ಇನ್ನೂ ಒಳ್ಳೆಯದಲ್ವಾ ಅಂದುಕೊಂಡು ಶನಿವಾರ ರಾತ್ರಿ ಬರೀ ಔಡಲ ಎಣ್ಣೆಯನ್ನೇ ಬಟ್ಟಲಿಗೆ ಸುರಿದೆ. ಎಣ್ಣೆ ಅಲ್ಲ ಅದು, ಬೆಲ್ಲದ ಪಾಕ. ಬೆರಳು ಎತ್ತಿದರೆ ಎಳೆ ಬರುತ್ತಿತ್ತು. ಬೆಳಗ್ಗೆ ಅದರ ಮೇಲೆ ನೆನೆಸಿ ರುಬ್ಬಿದ ಮೆಂತೆ ಬೇರೆ ಮೆತ್ತಿದೆ. ಅದು ಅರ್ಧ ತಾಸಿನಲ್ಲಿ ಒಣಗಿ ಗೋಡೆಗೆ ಮಣ್ಣು ಬಳಿದ ಹಾಗಾಯಿತು.

ಬೇಸಿಗೆಯಲ್ಲಿ ನಮ್ಮೂರಲ್ಲಿ ನೀರು ಕಾಯಿಸುವ ಕೆಲಸ ಇಲ್ಲ. ಹತ್ತು ಗಂಟೆಗೆಲ್ಲ ಮಾಳಿಗೆ ಮೇಲಿನ ಟ್ಯಾಂಕೇ ಹಂಡೆ. ನೀರು ಬೋರ್‌ವೆಲ್‌ದು. ನಲ್ಲಿಯ ಬಾಯಿಗೆ ಬಿಳಿ ಉಪ್ಪು ಕಟ್ಟಿರುತ್ತದೆ, ಸಾಬೂನು ನೊರೆ ಬರಲು ಬೇಡಿಕೊಳ್ಳಬೇಕು. ಶಾಂಪೂ ಹಾಕಿದೆ, ಎಣ್ಣೆ ಹೋಗಲಿಲ್ಲ. ಮತ್ತೆ ಹಾಕಿದೆ. ಕೊನೆಗೆ ಸಿಟ್ಟಿಗೆದ್ದು ಸೊಂಟದವರೆಗಿನ ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ, ಬಟ್ಟೆ ತಿಕ್ಕಿದ ಹಾಗೆ ಗರಗರ ತಿಕ್ಕಿದೆ. ಟವೆಲ್ ಸುತ್ತಿ ಹೊರಗೆ ಬಂದೆ.

ಟವೆಲ್ ಬಿಚ್ಚಿದಾಗ ಕೂದಲು ಕೆಳಗೆ ಇಳಿಯಲಿಲ್ಲ. ಕೈ ಹಾಕಿ ನೋಡಿದೆ. ಹಿಂದಲೆಯಲ್ಲಿ ಅಂಗೈ ಅಗಲದ ಒಂದು ಗಂಟು. ಒಳಗೆ ಬೆರಳು ಹೋಗುತ್ತಿಲ್ಲ. ಮುಟ್ಟಿದರೆ ಕೂದಲು ಅನಿಸಲಿಲ್ಲ, ಕುರುಬರ ಕಂಬಳಿ ಅನಿಸಿತು. ಅದು ಸುಮ್ನೆ ಹೋಲಿಕೆಯಲ್ಲ. ಉಣ್ಣೆಯನ್ನು ಒದ್ದೆ ಮಾಡಿ ಉಜ್ಜಿದರೆ ಎಳೆಗಳು ಹೆಣೆದುಕೊಂಡು ದಪ್ಪಗಾಗುತ್ತವಲ್ಲ, ಅದೇ ನನ್ನ ತಲೆಯಲ್ಲಿ ಆಗಿತ್ತು. ಕೂದಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ. ತಿಕ್ಕಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡವು. ಅಂಟಂಟು ಎಣ್ಣೆ ಅವನ್ನು ಹಾಗೇ ಹಿಡಿದುಕೊಂಡಿತು. ದಪ್ಪ ಕೂದಲು ಬೇಕು ಅಂದಿದ್ದೆ, ಸಿಕ್ಕಿತು.

ಅಷ್ಟೊತ್ತಿಗೆ ಎದುರು ಮನೆ ಕಾಕಿ ಮೊಸರಿಗೆ ಹೆಪ್ಪು ಕೇಳಲು ಬಂದರು. ನನ್ನ ತಲೆ ನೋಡಿ ಬಟ್ಟಲು ಕೆಳಗಿಟ್ಟು ಕೈಮುಗಿದರು.

"ಜಡಿ ಬಂದಾದವ್ವ. ಯಲ್ಲಮ್ಮ ಬಂದಾಳ. ಕತ್ರಿ ಮುಟ್ಟಿಸಬ್ಯಾಡ್ರಿ."

ಅವ್ವನ ಮುಖ ಬಿಳಿಚಿಕೊಂಡಿತು. ನಮ್ಮ ಭಾಗದಲ್ಲಿ ಇದು ತಮಾಷೆಯ ಮಾತಲ್ಲ. ತಲೆಗೆ ಎಣ್ಣೆ ನೀರು ಕಾಣದೆ ಜಡೆಗಟ್ಟಿದ ಎಷ್ಟೋ ಬಡ ಹುಡುಗಿಯರನ್ನು ದೇವಿ ಕರೆದಳೆಂದು ಮುತ್ತು ಕಟ್ಟಿ ದೇವದಾಸಿ ಮಾಡಿದ್ದಾರೆ. 1982ರಲ್ಲಿ ರಾಜ್ಯದಲ್ಲಿ ಅದರ ವಿರುದ್ಧ ಕಾನೂನು ಬಂತು. ಆದರೂ ಜಡೆಯ ಭಯ ಮನೆಗಳಿಂದ ಪೂರ್ತಿ ಹೋಗಿಲ್ಲ. ಓದಿಕೊಂಡ ನನಗೇ ಆ ಕ್ಷಣ ಹೊಟ್ಟೆಯಲ್ಲಿ ಏನೋ ಆಯಿತು, ಸುಳ್ಳು ಯಾಕೆ ಹೇಳಲಿ.

ಆಯಿ ಮಾತ್ರ ತೊಟ್ಟಿಲು ತೂಗುತ್ತಾ ಕೂತಲ್ಲೇ ಹೇಳಿದಳು, "ಯಲ್ಲಮ್ಮಗ ಬ್ಯಾರೆ ಕೆಲಸ ಇಲ್ಲೇನವ್ವ? ರಾತ್ರಿ ಔಡಲ ಎಣ್ಣಿ ಸುರ್ಕೊಳ್ಳೋದು ನಾ ಕಣ್ಣಾರೆ ನೋಡೀನಿ. ನೀ ಹೆಪ್ಪು ತಗೊಂಡು ಹೋಗು." ಆಮೇಲೆ ಅವ್ವನಿಗೆ, "ಕೊಬ್ರಿ ಎಣ್ಣಿ ಬೆಚ್ಚಗ ಮಾಡು. ಚೀಲ ಹೊಲಿಯೋ ದಬ್ಬಣ ತಾ."

ಹನ್ನೊಂದೂವರೆಗೆ ಕೂತವರು ಸಂಜೆ ಐದಕ್ಕೆ ಎದ್ದೆವು. ನಡುವೆ ಎರಡು ತಾಸು ಕರೆಂಟ್ ಇರಲಿಲ್ಲ. ಅವ್ವ ಬುಡವನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಎಳೆದರೆ ನೋವಾಗಬಾರದೆಂದು. ಆಯಿ ಗಂಟಿನ ಕೆಳತುದಿಯಿಂದ ದಬ್ಬಣ ತೂರಿಸಿ ನಾಲ್ಕೇ ನಾಲ್ಕು ಕೂದಲು ಎಳೆಯುವಳು, ಎಣ್ಣೆ ಹನಿಸುವಳು, ಮತ್ತೆ ನಾಲ್ಕು. ಮೇಲಿನಿಂದ ಬಾಚಲು ಹೋದರೆ ಗಂಟು ಇನ್ನೂ ಬಿಗಿಯುತ್ತದಂತೆ. ಎಂಬತ್ತು ದಾಟಿದ ಕಣ್ಣಿಗೆ ಅದೆಲ್ಲ ಹೇಗೆ ಕಾಣುತ್ತಿತ್ತೋ. ಬೆರಳಿಗೆ ಕಾಣುತ್ತಿತ್ತು ಅನಿಸುತ್ತದೆ. ನಡುವೆ ಮಗು ಅತ್ತರೆ ಕೂತಲ್ಲೇ ಹಾಲು ಕುಡಿಸಿದೆ. ಊಟ ಅಂದರೆ ರೊಟ್ಟಿಯಲ್ಲಿ ಅಗಸಿ ಹಿಂಡಿ ಸುತ್ತಿ ಕೈಗೆ ಕೊಟ್ಟಿದ್ದು.

ಕೊಬ್ಬರಿ ಎಣ್ಣೆಯನ್ನೇ ಯಾಕೆ ಕೇಳಿದಳು ಅಂತ ಆಮೇಲೆ ಹುಡುಕಿ ನೋಡಿದೆ. ಅದರ ಅಣು ಸಣ್ಣದಾಗಿರುವುದರಿಂದ ಕೂದಲಿನೊಳಗೇ ಇಳಿಯುತ್ತದೆ. ತೊಳೆಯುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ಅದು ಕಡಿಮೆ ಮಾಡುತ್ತದೆ ಎಂದು 2003ರ ಅಧ್ಯಯನವೊಂದರಲ್ಲಿ ತೋರಿಸಿದ್ದಾರೆ. ಅಂದರೆ ಇರುವ ಕೂದಲು ತುಂಡಾಗುವುದು ಕಡಿಮೆಯಾಗಬಹುದು. ಹೊಸದಾಗಿ ಹುಟ್ಟಿಸುವುದಿಲ್ಲ. ಆಯಿ ಹುಟ್ಟಿಸುತ್ತದೆ ಅಂತ ಯಾವತ್ತೂ ಹೇಳಿರಲೂ ಇಲ್ಲ, ಹೇಳಿದ್ದು ಆ ವಿಡಿಯೋಗಳು.

ಕೊನೆಗೆ ನಿಂಬೆಹಣ್ಣಿನಷ್ಟು ಗಂಟು ಉಳಿಯಿತು. ಅದು ಬಿಡಲಿಲ್ಲ. ಅವ್ವ ಕತ್ತರಿ ಹಿಡಿದು ಒಂದು ಗಳಿಗೆ ನಿಂತಳು. ಆಯಿ ಅವಳ ಕೈಯಿಂದ ಕತ್ತರಿ ತಗೊಂಡು ಕಚಕ್ ಅನಿಸಿದಳು.

ಮರುದಿನ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಕೂದಲಿಗಿಂತ ಮೊದಲು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.1 ಬಂತು, ಕಬ್ಬಿಣವೂ ಕಡಿಮೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ, ಬಸುರಿಯಲ್ಲಿ ಉದುರದೆ ನಿಂತವು ಈಗ ಒಟ್ಟಿಗೆ ಹೋಗುತ್ತಿವೆ, ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಸರಿಹೋಗುತ್ತದೆ ಅಂದರು. ಕಬ್ಬಿಣದ ಮಾತ್ರೆ ಬರೆದರು. ಅದರ ಆಸುಪಾಸು ಚಹಾ ಕುಡಿಯಬಾರದು, ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ದಿನಕ್ಕೆ ಐದು ಕಪ್ಪಿನ ನನಗೆ ಇದು ಔಡಲ ಎಣ್ಣೆಗಿಂತ ದೊಡ್ಡ ಶಿಕ್ಷೆ. ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು. ಅದನ್ನು ಅವಸರ ಮಾಡಿಸುವ ಎಣ್ಣೆ ಅವರ ಹತ್ತಿರವೂ ಇರಲಿಲ್ಲ.

ಈಗ ವಾರಕ್ಕೊಮ್ಮೆ ಆಯಿಯ ಲೆಕ್ಕದ ಎಣ್ಣೆ, ಮೂರಕ್ಕೆ ಒಂದು. ಒಂದು ತಾಸು ಬಿಟ್ಟು, ಕೂದಲು ಇಳಿಬಿಟ್ಟೇ ತೊಳೆಯುತ್ತೇನೆ. ಮಗುವಿಗೆ ಎಂಟು ತಿಂಗಳಾದಾಗ ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಕೂದಲು ನೆಟ್ಟಗೆ ನಿಂತವು, ಎಷ್ಟು ಒತ್ತಿ ಬಾಚಿದರೂ ಏಳುತ್ತಿದ್ದವು. ಎಣ್ಣೆ ಕೆಲಸ ಮಾಡಿತು ಅಂದಳು ಅವ್ವ. ಮಾತ್ರೆ ಅಂದೆ ನಾನು. ಎರಡೂ ಅಲ್ಲದೆ ಬರೀ ದಿನ ಕಳೆದದ್ದಕ್ಕೇ ಬಂದಿರಬಹುದು.

ಆ ತಿಂಗಳೇ ಭಾಂಡೆಯವನು ಬಂದ. ಚೀಲ ತುಂಬಿ ತುಳುಕುತ್ತಿತ್ತು. ಅವ್ವ ಆ ನಿಂಬೆಹಣ್ಣಿನ ಗಂಟನ್ನೂ ಒಳಗೆ ಸೇರಿಸಿದ್ದಳು. ಅವನು ತಕ್ಕಡಿಗೆ ಹಾಕುವ ಮುಂಚೆ ಅದನ್ನು ಆರಿಸಿ ತೆಗೆದು, ಮೂಸಿ, ಪಕ್ಕಕ್ಕಿಟ್ಟ.

"ಇದರಾಗ ಎಣ್ಣಿನೇ ಜಾಸ್ತಿ ಅದರಿ ಅಕ್ಕಾರ. ಇದು ತೂಕಕ್ಕ ಹಿಡಿಯಲ್ಲ."

ಅವ್ವ ಅರ್ಧ ತಾಸು ಜಗಳಾಡಿದಳು. ಉಳಿದ ಕೂದಲಿಗೆ ಒಂದು ಸ್ಟೀಲಿನ ಜರಡಿ ಸಿಕ್ಕಿತು, ಚಹಾ ಸೋಸುವುದು.